ಬೇಳೆ ಬೇಯದ ನೀರು

“ಇಲ್ಲಿ ನಿನ್ನ ಬೇಳೆ ಬೇಯುವುದಿಲ್ಲ” ಎಂಬ ಮಾತನ್ನು ಕನ್ನಡಿಗರಾದ ನಾವೆಲ್ಲರೂ ಒಂದಲ್ಲ ಒಂದು ಸಲ ಆಡಿದ್ದೇವೆ, ಇಲ್ಲವೆ ಆಡಿಸಿಕೊಂಡಿದ್ದೇವೆ. ಒಬ್ಬನ ಉಪಾಯ ಫಲಿಸದೆ ಹೋದಾಗ, ಇನ್ನೊಬ್ಬನ ಕಪಟ ಬಯಲಾದಾಗ ಬಳಕೆಗೆ ಬರುವ ನುಡಿಗಟ್ಟು ಇದು. ಆದರೆ ಅಡುಗೆಯ ಮನೆಯಲ್ಲಿ ಈ ಮಾತಿಗೆ ಲಾಕ್ಷಣಿಕ ಅರ್ಥವಿಲ್ಲ, ವಾಚ್ಯಾರ್ಥವೇ ಉಂಟು. ಒಲೆ ಉರಿಯುತ್ತಿದೆ, ಪಾತ್ರೆಯಲ್ಲಿ ನೀರು ಕುದಿಯುತ್ತಿದೆ, ಬೇಳೆಯೂ ನಿನ್ನೆ ತಂದದ್ದು; ಆದರೂ ಒಂದು ಗಂಟೆ ಕಳೆದ ಮೇಲೆ ಎರಡು ಕಾಳು ತೆಗೆದು ಹಿಸುಕಿ ನೋಡಿದರೆ ಬೆರಳಿಗೆ ಗಟ್ಟಿಯಾಗಿಯೇ ಸಿಕ್ಕುತ್ತವೆ. ಇಂಥ ಹೊತ್ತಿನಲ್ಲಿ ತಪ್ಪು ಯಾರ ತಲೆಗೆ ಬರುತ್ತದೆ? ಮೊದಲು ಅಂಗಡಿಯವನ ತಲೆಗೆ. ಆಮೇಲೆ ಬೇಯಿಸಿದವಳ ತಲೆಗೆ. ಆಕೆ ಬೇರೆ ಊರಿನಿಂದ ಹೊಸದಾಗಿ ಬಂದ ಸೊಸೆಯಾಗಿದ್ದರೆ ಕೇಳುವುದೇ ಬೇಡ. ನೀರಿನ ಮೇಲೆ ಮಾತ್ರ ಯಾರೂ ಅನುಮಾನ ಪಡುವುದಿಲ್ಲ. ಏಕೆಂದರೆ ನೀರು ನೋಡುವುದಕ್ಕೆ ತಿಳಿಯಾಗಿದೆ. ತಿಳಿಯಾಗಿರುವುದೆಲ್ಲ ಒಳ್ಳೆಯದೆಂದು ನಂಬುವುದು ನಮ್ಮ ರೂಢಿ.

ಬೆಂಗಳೂರಿನ ಅಂಚಿನ ಬಡಾವಣೆಗಳಲ್ಲಿ ವಾಸಮಾಡುವವರಿಗೆ ಈ ಅನುಭವವನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ಅಲ್ಲಿನ ಎಷ್ಟೋ ಮನೆಗಳಲ್ಲಿ ಎರಡು ನಲ್ಲಿಗಳುಂಟು. ಒಂದನ್ನು ‘ಕಾವೇರಿ ನಲ್ಲಿ’ ಎಂದೂ ಮತ್ತೊಂದನ್ನು ‘ಬೋರ್ ನಲ್ಲಿ’ ಎಂದೂ ಮನೆಯವರು ಕರೆಯುತ್ತಾರೆ. ಕಾವೇರಿ ಬರುವುದು ವಾರಕ್ಕೆ ಕೆಲವು ದಿನ, ಕೆಲವು ಗಂಟೆ; ಉಳಿದ ಹೊತ್ತೆಲ್ಲ ಕೊಳವೆ ಬಾವಿಯ ನೀರು, ಅದೂ ಬತ್ತಿದರೆ ಟ್ಯಾಂಕರಿನ ನೀರು. ಎರಡೂ ಒಂದೇ ಸಂಪಿನಲ್ಲಿ ಕೂಡಿಕೊಳ್ಳುವ ಮನೆಗಳಲ್ಲಿ ಇಂದು ಯಾವ ನೀರು ಹೆಚ್ಚು ಬಂದಿದೆ ಎಂಬುದನ್ನು ಗೃಹಿಣಿಯು ಹೇಳಬಲ್ಲಳು. ಆಕೆಗೆ ಯಾವ ಯಂತ್ರವೂ ಬೇಡ. ಸಾರಿನ ಬೇಳೆ, ಬಟ್ಟೆಯ ಸಾಬೂನು ಇವೆರಡೇ ಸಾಕ್ಷಿ.

ನಮ್ಮ ಹಿರಿಯರು ಈ ಭೇದವನ್ನು ಅರಿಯದವರಲ್ಲ. ‘ಗಡಸು ನೀರು’, ‘ಮೆದು ನೀರು’ ಎಂಬುವು ಶಾಲೆಯ ವಿಜ್ಞಾನದ ಪುಸ್ತಕಗಳು ತಂದುಕೊಟ್ಟ ಹೆಸರುಗಳು. ಹಳ್ಳಿಯವರು ಉಪ್ಪುನೀರು, ಸವುಳು ನೀರು, ಸಪ್ಪೆ ನೀರು, ಸಿಹಿನೀರು ಎಂದು ನಾಲಗೆಯ ಮೇಲಿಟ್ಟು ನೀರಿಗೆ ಹೆಸರಿಟ್ಟರು. ಒಂದು ಊರಿಗೆ ಎರಡು ಬಾವಿಗಳಿದ್ದರೆ, ಒಂದು ಸಿಹಿನೀರ ಬಾವಿ, ಇನ್ನೊಂದು ಬಳಕೆಯ ಬಾವಿ. ಬಳಕೆಯ ಬಾವಿ ಮನೆಯ ಹಿತ್ತಿಲಲ್ಲೇ ಇದ್ದರೂ ಬೇಳೆ ಬೇಯಿಸುವುದಕ್ಕೆಂದು ಹೆಂಗಸರು ದೂರದ ಸಿಹಿನೀರ ಬಾವಿಗೆ ಕೊಡ ಹೊತ್ತು ಹೋಗುತ್ತಿದ್ದರು. ಈ ವಿವೇಕವು ನಲ್ಲಿ ಬಂದ ಮೇಲೆ ಮರೆಯಾಯಿತು. ಗೋಡೆಯಿಂದ ಬರುವ ನೀರೆಲ್ಲವೂ ಒಂದೇ ಎಂಬ ಭಾವನೆ ನಮ್ಮಲ್ಲಿ ಬೇರೂರಿತು.

ಹಾಗಾದರೆ ಗಡಸು ಎಂದರೇನು? ಆಕಾಶದಿಂದ ಬೀಳುವ ಮಳೆಯ ನೀರಿನಲ್ಲಿ ಖನಿಜಗಳು ಇಲ್ಲವೆಂದೇ ಹೇಳಬೇಕು. ಅದು ಮಣ್ಣಿನೊಳಕ್ಕೆ ಇಳಿಯುವಾಗ ಗಾಳಿಯಲ್ಲಿಯೂ ಮಣ್ಣಿನಲ್ಲಿಯೂ ಇರುವ ಇಂಗಾಲಾಮ್ಲವನ್ನು ಹೀರಿಕೊಂಡು ತುಸು ಆಮ್ಲಗುಣವನ್ನು ಪಡೆಯುತ್ತದೆ. ಈ ಆಮ್ಲವು ಬಹು ಸೌಮ್ಯವಾದದ್ದು. ಆದರೆ ಅದಕ್ಕೆ ಕಾಲಾವಕಾಶ ಉಂಟು. ಬೆಂಗಳೂರಿನ ನೆಲದ ಕೆಳಗೆ ಇರುವುದು ಕೋಟಿಗಟ್ಟಲೆ ವರ್ಷಗಳ ಹಳೆಯ ಗ್ನೈಸ್ ಮತ್ತು ಗ್ರಾನೈಟ್ ಬಂಡೆ. ಲಾಲ್‌ಬಾಗಿನ ಬಂಡೆಯನ್ನು ನೋಡಿದವರೆಲ್ಲರೂ ಅದರ ತಲೆಯನ್ನು ನೋಡಿದ್ದಾರೆ. ಆ ಬಂಡೆಯ ಬಿರುಕುಗಳಲ್ಲಿ ನೀರು ವರ್ಷಾನುಗಟ್ಟಲೆ ನಿಂತು ಕಲ್ಲನ್ನು ಸವೆಸಿ, ಅದರಲ್ಲಿರುವ ಸುಣ್ಣದ ಅಂಶವಾದ ಕ್ಯಾಲ್ಸಿಯಮ್ಮನ್ನೂ ಅದರ ಜೊತೆಗಾರನಾದ ಮೆಗ್ನೀಸಿಯಮ್ಮನ್ನೂ ಕರಗಿಸಿಕೊಳ್ಳುತ್ತದೆ. ಇವೆರಡೂ ಕರಗಿರುವ ನೀರೇ ಗಡಸು ನೀರು. ಸಾಮಾನ್ಯವಾಗಿ, ಕೊಳವೆ ಬಾವಿಯು ಆಳಕ್ಕೆ ಹೋದಷ್ಟೂ ನೀರು ಕಲ್ಲಿನೊಡನೆ ಕಳೆದಿರುವ ಕಾಲ ದೀರ್ಘ. ಕಾವೇರಿಯ ನೀರು ಬಹುಪಾಲು ನೆಲದ ಮೇಲೆ ಹರಿದು ಬಂದದ್ದು. ಕಲ್ಲಿನ ಒಡನಾಟ ಅದಕ್ಕೆ ಅಷ್ಟಿಲ್ಲ. ಆದುದರಿಂದಲೇ ಅದು ಮೆದು.

ಈ ಗಡಸಿಗೆ ಅಳತೆಯುಂಟು. ಕರಗಿರುವ ಖನಿಜವನ್ನೆಲ್ಲ ಕ್ಯಾಲ್ಸಿಯಂ ಕಾರ್ಬೊನೇಟ್ ಎಂದು ಲೆಕ್ಕಹಾಕಿ, ಒಂದು ಲೀಟರಿನಲ್ಲಿ ಎಷ್ಟು ಮಿಲಿಗ್ರಾಂ ಎಂದು ಹೇಳುತ್ತಾರೆ. 60ಕ್ಕಿಂತ ಕಡಿಮೆಯಿದ್ದರೆ ಮೆದು ನೀರು, 180 ದಾಟಿದರೆ ಬಹಳ ಗಡಸು ಎಂಬುದು ವಾಡಿಕೆಯ ವಿಭಾಗ. ಭಾರತೀಯ ಮಾನಕ ಸಂಸ್ಥೆಯು 2012ರಲ್ಲಿ ಪರಿಷ್ಕರಿಸಿದ ಕುಡಿಯುವ ನೀರಿನ ಮಾನಕದಲ್ಲಿ 200 ಮಿಲಿಗ್ರಾಮನ್ನು ಒಪ್ಪತಕ್ಕ ಮಿತಿ ಎಂದೂ, ಬೇರೆ ಮೂಲವೇ ಇಲ್ಲದ ಕಡೆ 600ರವರೆಗೆ ಸಹಿಸಬಹುದೆಂದೂ ಹೇಳಿದೆ.

ಇನ್ನು ಇದು ಮನೆಯೊಳಗೆ ಮಾಡುವ ಕೆಲಸಗಳನ್ನು ನೋಡೋಣ. ಬೇಳೆಯಿಂದಲೇ ಆರಂಭಿಸಬಹುದು. ಕಾಳಿನ ಒಳಗಿನ ಸಣ್ಣ ಸಣ್ಣ ಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ಪೆಕ್ಟಿನ್ ಎಂಬ ಗಾರೆ. ಮೆದು ನೀರಿನಲ್ಲಿ ಕುದಿಸಿದಾಗ ಈ ಗಾರೆ ಕರಗುತ್ತದೆ, ಕಾಳು ಒಡೆದು ಮೆತ್ತಗಾಗುತ್ತದೆ. ಗಡಸು ನೀರಿನಲ್ಲಾದರೋ ಕ್ಯಾಲ್ಸಿಯಂ ಬಂದು ಆ ಗಾರೆಯೊಡನೆ ಸೇರಿ ಅದನ್ನು ಇನ್ನಷ್ಟು ಗಟ್ಟಿಮಾಡುತ್ತದೆ. ಗೋಡೆ ಕೆಡವಲು ಕರೆಸಿದ ಆಳೇ ಗೋಡೆಗೆ ಸಿಮೆಂಟು ಬಳಿದಂತಾಯಿತು! ಪ್ರೆಶರ್ ಕುಕ್ಕರು ನೂರಕ್ಕಿಂತ ಹೆಚ್ಚಿನ ಶಾಖದಲ್ಲಿ ಬೇಯಿಸುವುದರಿಂದ ಈ ತೊಂದರೆಯನ್ನು ಬಹುಮಟ್ಟಿಗೆ ಮುಚ್ಚಿಹಾಕುತ್ತದೆ. ಆದರೆ ಮೂರು ಕೂಗಿನ ಜಾಗದಲ್ಲಿ ಆರು ಕೂಗು ಬೇಕಾದರೆ ಸಿಲಿಂಡರಿನ ಅನಿಲಕ್ಕೆ ಹಣ ತೆರುವವರು ನಾವೇ. ಕೆಲವರು ಚಿಟಿಕೆ ಅಡುಗೆ ಸೋಡಾ ಹಾಕುತ್ತಾರೆ. ಬೇಳೆ ಬೇಯುವುದು ನಿಜ. ಆದರೆ ಕಾಳಿನಲ್ಲಿರುವ ‘ಬಿ-ಒಂದು’ ಎಂಬ ಜೀವಸತ್ವ ಸೋಡಾದಿಂದ ನಾಶವಾಗುತ್ತದೆ. ಇದಕ್ಕಿಂತ ಒಳ್ಳೆಯ ದಾರಿಯನ್ನು ಮುಂದೆ ಹೇಳುತ್ತೇನೆ. ಹುಣಿಸೆಯ ಹುಳಿಯನ್ನು ಬೇಳೆ ಬೆಂದ ಮೇಲೆಯೇ ಬೆರೆಸಬೇಕೆಂಬ ಅಜ್ಜಿಯರ ನಿಯಮವನ್ನು ಮಾತ್ರ ಬಿಡಬೇಡಿ. ಹುಳಿಯೂ ಆ ಗಾರೆಯನ್ನು ಕರಗಗೊಡುವುದಿಲ್ಲ.

ಅಡುಗೆಯ ಮನೆಯಿಂದ ಬಟ್ಟೆ ಒಗೆಯುವ ಕಲ್ಲಿಗೆ ಬಂದರೆ ನಷ್ಟವು ಲೆಕ್ಕಕ್ಕೆ ಸಿಕ್ಕುತ್ತದೆ. ಸಾಬೂನು ಗಡಸು ನೀರಿಗೆ ಬಿದ್ದೊಡನೆ ಕ್ಯಾಲ್ಸಿಯಮ್ಮಿನೊಡನೆ ಸೇರಿ, ನೀರಿನಲ್ಲಿ ಕರಗದ ಜಿಗುಟಾದ ಗಸಿಯಾಗುತ್ತದೆ. ಇರುವ ಕ್ಯಾಲ್ಸಿಯಮ್ಮೆಲ್ಲ ಹೀಗೆ ತೀರುವವರೆಗೆ ನೊರೆ ಏಳುವುದಿಲ್ಲ, ಕೊಳೆ ಬಿಡುವುದಿಲ್ಲ. ರಸಾಯನಶಾಸ್ತ್ರದ ಉಪಾಧ್ಯಾಯರು ಹಾಕುವ ಲೆಕ್ಕ ಹೀಗಿದೆ: 300 ಮಿಲಿಗ್ರಾಂ ಗಡಸುಳ್ಳ ನೀರು 20 ಲೀಟರಿನ ಒಂದು ಬಕೆಟ್ಟಿನಲ್ಲಿದ್ದರೆ, ಆ ನೀರಿನ ಗಡಸನ್ನೆಲ್ಲ ತೀರಿಸುವುದಕ್ಕೇ ಸುಮಾರು 35 ಗ್ರಾಂ ಸಾಬೂನು ಬೇಕು. ಬಟ್ಟೆ ಒಗೆಯುವುದಕ್ಕೆ ಬೇಕಾದದ್ದು ಅದರ ಮೇಲೆ! ಹೀಗೆ ವ್ಯರ್ಥವಾದ ಸಾಬೂನು ಸುಮ್ಮನೆ ಹೋಗುವುದೂ ಇಲ್ಲ. ಗಸಿಯಾಗಿ ನೂಲಿನ ನಡುವೆ ಕುಳಿತು ಬಿಳಿಯ ಪಂಚೆಯನ್ನು ಬೂದುಬಣ್ಣಕ್ಕೆ ತಿರುಗಿಸುತ್ತದೆ. ಟವೆಲ್ಲನ್ನು ಒರಟು ಮಾಡುತ್ತದೆ. ಆಗ “ಕೆಲಸದಾಕೆ ಬಟ್ಟೆಯನ್ನು ಸರಿಯಾಗಿ ಒಗೆಯುವುದಿಲ್ಲ” ಎಂಬ ದೂರು ಹುಟ್ಟುತ್ತದೆ. ಆಕೆಯ ತೋಳಿನ ನೋವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಈಗ ಬಳಕೆಯಲ್ಲಿರುವ ಡಿಟರ್ಜೆಂಟು ಪುಡಿಗಳು ಸಾಬೂನಿನಷ್ಟು ಸೋಲುವುದಿಲ್ಲ. ಅವೂ ಹೆಚ್ಚಿಗೆ ಬೇಕಾಗುತ್ತವೆ ಎಂಬುದೇ ಭೇದ.

ಬಚ್ಚಲಿನಲ್ಲಿ ತಲೆಗೂದಲು ಅಂಟಂಟಾಗುವುದಕ್ಕೂ ಮೈಯೊಣಗಿದಂತೆ ಕಾಣುವುದಕ್ಕೂ ಇದೇ ಗಸಿ ಕಾರಣ. ಇಲ್ಲಿ ಒಂದು ಸ್ವಾರಸ್ಯವಿದೆ. ಸೀಗೆಕಾಯಿಯಲ್ಲಿಯೂ ಅಂಟವಾಳದಲ್ಲಿಯೂ ನೊರೆ ಬರಿಸುವ ಸತ್ವವು ಸಾಬೂನಿನ ಜಾತಿಯದಲ್ಲ. ಅದು ಕ್ಯಾಲ್ಸಿಯಮ್ಮಿನೊಡನೆ ಸೇರಿ ಗಸಿಯಾಗುವುದಿಲ್ಲ. ಬಾವಿಯ ನೀರಿನ ನಾಡಿನಲ್ಲಿ ಸೀಗೆಯೂ ಅಂಟವಾಳವೂ ತಲೆತಲಾಂತರದಿಂದ ಉಳಿದು ಬಂದದ್ದು ಬರಿಯ ಸಂಪ್ರದಾಯಪ್ರೇಮದಿಂದಲ್ಲ. ಅವು ಆ ನೀರಿಗೆ ಒಗ್ಗಿದವು.

ನೀರು ಕಾಯಿಸುವ ಹಂಡೆ, ಗೀಸರು, ಸೌರಶಾಖದ ಕೊಳವೆ ಇವುಗಳ ಒಳಗೆ ಕೂರುವ ಬಿಳಿಯ ಹಕ್ಕಳೆ ಇನ್ನೊಂದು ಪೀಡೆ. ಗಡಸಿನಲ್ಲಿ ಎರಡು ಬಗೆ. ಬೈಕಾರ್ಬೊನೇಟಿನ ರೂಪದಲ್ಲಿರುವುದು ತಾತ್ಕಾಲಿಕ ಗಡಸು; ಕುದಿಸಿದರೆ ಅದು ಸುಣ್ಣದ ಪುಡಿಯಾಗಿ ಬೇರ್ಪಡುತ್ತದೆ. ಸಲ್ಫೇಟು, ಕ್ಲೋರೈಡುಗಳ ರೂಪದಲ್ಲಿರುವುದು ಶಾಶ್ವತ ಗಡಸು. ಅದು ಕುದಿತಕ್ಕೆ ಜಗ್ಗುವುದಿಲ್ಲ. ಕಾದ ನೀರಿನ ತಳದಲ್ಲಿ ಬಿಳಿಯ ಪುಡಿ ಕಂಡೊಡನೆ “ನೀರಿಗೆ ಏನೋ ಔಷಧಿ ಬೆರೆಸಿದ್ದಾರೆ” ಎಂದು ಅಂಜುವವರಿದ್ದಾರೆ. ಅಂಜಬೇಕಾಗಿಲ್ಲ. ಅದು ನೀರಿನಿಂದ ಹೊರಬಿದ್ದ ಸುಣ್ಣ. ಪುಡಿ ಕಂಡಷ್ಟೂ ಮೇಲಿನ ನೀರು ಮೆದುವಾಯಿತೆಂದೇ ತಿಳಿಯಿರಿ. ಆದರೆ ಅದೇ ಪುಡಿ ಗೀಸರಿನ ಸುರುಳಿಯ ಮೇಲೆ ಕವಚದಂತೆ ಕಟ್ಟಿಕೊಂಡರೆ ಶಾಖ ನೀರಿಗೆ ತಲುಪದೆ ಸುರುಳಿಯೇ ಸುಟ್ಟುಹೋಗುತ್ತದೆ. ಸಣ್ಣ ಪಾತ್ರೆಗಳ ಹಕ್ಕಳೆಯನ್ನು ನಿಂಬೆಯ ರಸ, ಹುಣಿಸೆ, ವಿನೆಗರ್ ಇವುಗಳಿಂದ ಬಿಡಿಸಬಹುದು. ಬಚ್ಚಲು ತೊಳೆಯುವ ಕಟು ಆಸಿಡ್ಡನ್ನು ಬ್ಲೀಚಿಂಗ್ ಪುಡಿಯ ಜೊತೆಗೆ ಮಾತ್ರ ಎಂದೂ ಬೆರೆಸಬಾರದು. ಹೊರಡುವ ಕ್ಲೋರಿನ್ ಅನಿಲ ಉಸಿರಿಗೇ ಅಪಾಯ.

ಈಗ ಮುಖ್ಯವಾದ ಪ್ರಶ್ನೆಗೆ ಬರೋಣ. ಈ ನೀರು ಕುಡಿಯುವುದರಿಂದ ಕೇಡುಂಟೆ? ಮೂತ್ರಕೋಶದಲ್ಲಿ ಕಲ್ಲು ಕಟ್ಟುವುದೆಂಬ ಭಯ ಮನೆಮನೆಯಲ್ಲಿಯೂ ಇದೆ. ಗಡಸು ನೀರು ಕುಡಿದದ್ದರಿಂದಲೇ ಕಲ್ಲಾಗುತ್ತದೆ ಎಂಬುದು ಸಿದ್ಧಪಟ್ಟಿಲ್ಲ. ನೀರನ್ನು ಸಾಕಷ್ಟು ಕುಡಿಯದಿರುವುದೇ ಕಲ್ಲಿಗೆ ಮುಖ್ಯ ಕಾರಣಗಳಲ್ಲಿ ಒಂದು. ಭಯದಿಂದ ನೀರು ಕುಡಿಯುವುದನ್ನೇ ಕಡಿಮೆ ಮಾಡಿಕೊಂಡವರು ಅಂಜಿದ ರೋಗವನ್ನು ತಾವೇ ಆಹ್ವಾನಿಸಿದಂತೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ದೇಹಕ್ಕೆ ಬೇಕಾದ ಖನಿಜಗಳು. ವಿಶ್ವ ಆರೋಗ್ಯ ಸಂಸ್ಥೆಯೂ ಆರೋಗ್ಯದ ದೃಷ್ಟಿಯಿಂದ ಗಡಸಿಗೆ ಮಿತಿಯನ್ನು ವಿಧಿಸಿಲ್ಲ. ಮೂತ್ರಪಿಂಡದ ಕಾಯಿಲೆ ಈಗಾಗಲೇ ಇರುವವರು ತಮ್ಮ ವೈದ್ಯರ ಮಾತನ್ನು ಕೇಳಲಿ.

ನಿಜವಾದ ಅಪಾಯ ಬೇರೆ ಕಡೆ ಇದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳ ಹಲವೆಡೆ ಕೊಳವೆ ಬಾವಿಯ ನೀರಿನಲ್ಲಿ ಫ್ಲೋರೈಡು ಹೆಚ್ಚಾಗಿ, ಮಕ್ಕಳ ಹಲ್ಲು ಕಂದುಗಟ್ಟುವುದನ್ನೂ ದೊಡ್ಡವರ ಕೀಲುಗಳು ಬಿಗಿಯುವುದನ್ನೂ ಕಂಡಿದ್ದೇವೆ. ಅದಕ್ಕೆ ಮಾನಕದ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ಮೂಲವಿಲ್ಲದಿದ್ದರೆ 1.5. ಚರಂಡಿಯೂ ಗೊಬ್ಬರವೂ ನೆಲಕ್ಕಿಳಿದ ಕಡೆ ನೈಟ್ರೇಟು ಸೇರುತ್ತದೆ. ಅದಕ್ಕೆ ಮಿತಿ 45. ಇವೆರಡಕ್ಕೂ ಬಣ್ಣವಿಲ್ಲ, ವಾಸನೆಯಿಲ್ಲ. ಬೇಳೆಯೂ ಸಾಬೂನೂ ಇವನ್ನು ತೋರಿಸಿಕೊಡುವುದಿಲ್ಲ. ಕುದಿಸಿದರೆ ಹೋಗುವುದಿಲ್ಲ, ನೀರು ಇಂಗಿದಷ್ಟೂ ಸಾಂದ್ರವಾಗುತ್ತವೆ. ಇನ್ನೂ ಒಂದು ಮಾತು. ಕ್ಯಾಲ್ಸಿಯಂ ಕಡಿಮೆಯಿರುವ ಕೊಳವೆ ಬಾವಿಯ ನೀರಿನಲ್ಲಿಯೇ ಫ್ಲೋರೈಡು ಹೆಚ್ಚಾಗಿ ಉಳಿಯಬಲ್ಲುದು. ಆದುದರಿಂದ ಸಾಬೂನು ಚೆನ್ನಾಗಿ ನೊರೆಯಿತೆಂದು ಆ ನೀರು ನಿರಪಾಯವೆಂದು ತಿಳಿಯಕೂಡದು. ಗಡಸು ನೀರು ಜೋರಾಗಿ ಕೂಗಾಡುವ ನೆರೆಯವನಂತೆ. ತಂಟೆ ಹೆಚ್ಚು, ಕೇಡು ಕಡಿಮೆ. ಮೌನವಾಗಿ ಕೆಡಿಸುವವರನ್ನು ಗುರುತಿಸಲು ಪ್ರಯೋಗಶಾಲೆಯೇ ಬೇಕು.

ಈ ಭಯವನ್ನೇ ಬಂಡವಾಳ ಮಾಡಿಕೊಂಡು ಮನೆಬಾಗಿಲಿಗೆ ಬರುವ ಮಾರಾಟಗಾರರ ವಿಷಯವನ್ನು ಹೇಳದೆ ಇರುವಂತಿಲ್ಲ. ಅಂಥವನು ಎರಡು ಗಾಜಿನ ಲೋಟಗಳನ್ನು ಕೇಳುತ್ತಾನೆ. ಒಂದರಲ್ಲಿ ನಿಮ್ಮ ನಲ್ಲಿಯ ನೀರು, ಇನ್ನೊಂದರಲ್ಲಿ ತನ್ನ ಯಂತ್ರದ ನೀರು. ಎರಡರಲ್ಲಿಯೂ ಲೋಹದ ಕಡ್ಡಿಗಳನ್ನು ಇಳಿಬಿಟ್ಟು ವಿದ್ಯುತ್ತು ಹರಿಸುತ್ತಾನೆ. ನೋಡುನೋಡುತ್ತಿರುವಂತೆ ನಿಮ್ಮ ನೀರು ಕೆಸರಿನಂತೆ ಕಂದಾಗಿ ಗಸಿಗಟ್ಟುತ್ತದೆ. ಅವನ ನೀರು ಹಾಗೆಯೇ ಇರುತ್ತದೆ. “ನಿಮ್ಮ ಮಕ್ಕಳು ಕುಡಿಯುತ್ತಿರುವುದು ಇದನ್ನು, ಅಮ್ಮಾ” ಎನ್ನುತ್ತಾನೆ. ತಾಯಿಯ ಎದೆ ಝಲ್ಲೆನ್ನದೆ ಇದ್ದೀತೆ? ಆದರೆ ಆ ಕಂದುಬಣ್ಣ ನೀರಿನದಲ್ಲ. ಕಬ್ಬಿಣದ ಕಡ್ಡಿಯ ತುಕ್ಕು. ಖನಿಜವುಳ್ಳ ನೀರಿನಲ್ಲಿ ವಿದ್ಯುತ್ತು ಹರಿಯುತ್ತದೆ, ಕಡ್ಡಿ ಕರಗುತ್ತದೆ. ಖನಿಜವಿಲ್ಲದ ನೀರಿನಲ್ಲಿ ವಿದ್ಯುತ್ತು ಹರಿಯುವುದೇ ಕಷ್ಟ. ಮುಂದೆ ಯಾರಾದರೂ ಈ ಇಂದ್ರಜಾಲವನ್ನು ತೋರಿಸಿದರೆ, ಅವನ ಶುದ್ಧವಾದ ಲೋಟಕ್ಕೆ ಒಂದು ಚಿಟಿಕೆ ಅಡುಗೆಯ ಉಪ್ಪನ್ನು ಹಾಕಿ, ಮತ್ತೆ ಕಡ್ಡಿ ಇಳಿಬಿಡೆಂದು ಹೇಳಿ. ಅದೂ ಕಂದಾಗುತ್ತದೆ. ಅವನ ಬೇಳೆ ಅಲ್ಲಿಗೆ ನಿಲ್ಲುತ್ತದೆ! ಪೆನ್ನಿನಂಥ ಮೀಟರಿನಿಂದ ಅವನು ತೋರಿಸುವ ಅಂಕಿಯೂ ಅಷ್ಟೆ. ಕರಗಿದ ಲವಣಗಳ ಒಟ್ಟು ಅಂದಾಜನ್ನು ಅದು ಹೇಳುತ್ತದೆಯೇ ಹೊರತು ರೋಗಾಣುವನ್ನಾಗಲಿ ಫ್ಲೋರೈಡನ್ನಾಗಲಿ ಹೇಳಲಾರದು.

ಯಂತ್ರಗಳೆಲ್ಲ ವ್ಯರ್ಥವೆಂದು ನನ್ನ ಮಾತಿನ ಅರ್ಥವಲ್ಲ. ಫ್ಲೋರೈಡು ಇರುವಲ್ಲಿ, ಲವಣ ಅತಿಯಾದಲ್ಲಿ, ಆರ್.ಓ. ಎಂಬ ಜರಡಿ ಉಪಕಾರಿಯೇ. ಆದರೆ ಅದು ಒಂದು ಕೊಡ ನೀರು ಕೊಡುವಾಗ ಎಷ್ಟೋ ಸಲ ಎರಡು ಮೂರು ಕೊಡ ನೀರನ್ನು ಚೆಲ್ಲುತ್ತದೆ. ಆ ನೀರನ್ನು ನೆಲ ಒರೆಸುವುದಕ್ಕೂ ಪಾಯಿಖಾನೆಗೂ ಹಿಡಿದಿಟ್ಟುಕೊಳ್ಳಬೇಕು. ಇನ್ನೊಂದು ಯಂತ್ರ ನೀರನ್ನು ಮೆದುಮಾಡುವಂಥದು. ಅದು ಕ್ಯಾಲ್ಸಿಯಮ್ಮನ್ನು ಹಿಡಿದುಕೊಂಡು ಆ ಜಾಗದಲ್ಲಿ ಸೋಡಿಯಮ್ಮನ್ನು ಬಿಡುತ್ತದೆ. ಸ್ನಾನಕ್ಕೂ ಬಟ್ಟೆಗೂ ಅದು ಒಳ್ಳೆಯದು. ಉಪ್ಪು ಬಿಡಬೇಕಾದ ರಕ್ತದೊತ್ತಡದ ರೋಗಿಗೆ, ಹಿತ್ತಿಲ ಗಿಡಗಳಿಗೆ ಒಳ್ಳೆಯದಲ್ಲ.

ಖರ್ಚಿಲ್ಲದ ಉಪಾಯಗಳೂ ಉಂಟು. ಬೇಳೆಗೆ ಬೇಕಾಗುವ ಒಂದೆರಡು ಲೀಟರು ನೀರನ್ನು ಹತ್ತು ನಿಮಿಷ ಕುದಿಸಿ, ಆರಿಸಿ, ತಳದ ಪುಡಿಯನ್ನು ಬಿಟ್ಟು ಮೇಲಿನದನ್ನು ಬಸಿದುಕೊಳ್ಳಿ. ಬೇಳೆಯನ್ನು ಆ ನೀರಿನಲ್ಲಿಯೇ ನೆನೆಸಿ, ಅದರಲ್ಲಿಯೇ ಬೇಯಿಸಿ. ಬಟ್ಟೆಗೆ ಮೊದಲು ವಾಷಿಂಗ್ ಸೋಡಾ ಹಾಕಿ ಸ್ವಲ್ಪ ಹೊತ್ತು ಬಿಟ್ಟರೆ ಎರಡೂ ಬಗೆಯ ಗಡಸು ಇಳಿಯುತ್ತದೆ, ಸಾಬೂನು ಉಳಿಯುತ್ತದೆ. ಸ್ಫಟಿಕವನ್ನಾಗಲಿ ಚಿಲ್ಲದ ಬೀಜವನ್ನಾಗಲಿ ತೇಯ್ದು ಹಾಕಿದರೆ ಕದಡಿದ ನೀರು ತಿಳಿಯಾಗುತ್ತದೆಯೇ ಹೊರತು ಗಡಸು ನೀರು ಮೆದುವಾಗುವುದಿಲ್ಲ. ಸುಣ್ಣದ ನೀರಿಗೆ ಸುಣ್ಣವನ್ನೇ ಬೆರೆಸಿ ಸುಣ್ಣವನ್ನು ಇಳಿಸುವ ವಿಚಿತ್ರವಾದ ವಿಧಾನವನ್ನು ಸ್ಕಾಟ್ಲೆಂಡಿನ ಥಾಮಸ್ ಕ್ಲಾರ್ಕ್ ಎಂಬ ರಸಾಯನಜ್ಞನು 1841ರಲ್ಲಿ ಕಂಡುಕೊಟ್ಟನು. ಮುಳ್ಳನ್ನು ಮುಳ್ಳಿನಿಂದ ತೆಗೆಯುವ ಆ ಕೆಲಸಕ್ಕೆ ನಿಖರವಾದ ಅಳತೆ ಬೇಕು. ಅದು ಊರಿನ ನೀರಿನ ಕಟ್ಟೆಗೆ ತಕ್ಕದ್ದು, ಮನೆಯ ಬಿಂದಿಗೆಗಲ್ಲ.

ಎಲ್ಲಕ್ಕಿಂತ ಮೆದುವಾದ ನೀರು ನಮ್ಮ ಮನೆಗಳ ಮೇಲೆಯೇ ಬೀಳುತ್ತಿದೆ. ಬೆಂಗಳೂರಿನ ವಾರ್ಷಿಕ ಮಳೆ ಸುಮಾರು 970 ಮಿಲಿಮೀಟರು. ನೂರು ಚದರ ಮೀಟರಿನ ಮಾಳಿಗೆಯ ಮೇಲೆ ವರ್ಷಕ್ಕೆ ಸುಮಾರು 97,000 ಲೀಟರು ನೀರು ಸುರಿಯುತ್ತದೆ. ಐದರಲ್ಲಿ ಒಂದು ಪಾಲು ಪೋಲಾಯಿತೆಂದರೂ 77,000 ಲೀಟರಿಗೆ ಮೋಸವಿಲ್ಲ. ಮಳೆನೀರು ಸಂಗ್ರಹವನ್ನು ಈ ನಗರದಲ್ಲಿ 2009ರ ಕಾನೂನು ಕಡ್ಡಾಯ ಮಾಡಿತು. ಆದರೆ ಎಷ್ಟೋ ಮನೆಗಳಲ್ಲಿ ಕೊಳವೆ ಇದೆ, ಜರಡಿ ಕಸದಿಂದ ಕಟ್ಟಿದೆ. ಕಾನೂನಿಗಾಗಿ ಕಟ್ಟಿದ್ದು ಅಡುಗೆಗೆ ಒದಗಲಿಲ್ಲ. ಮೊದಲ ಮಳೆಯ ನೀರನ್ನು ಹೊರಕ್ಕೆ ಬಿಟ್ಟು, ಮುಂದಿನದನ್ನು ಸೋಸಿ ಹಿಡಿದರೆ ಬೇಳೆಗೂ ಬಟ್ಟೆಗೂ ಅದಕ್ಕಿಂತ ಹಿತವಾದ ನೀರಿಲ್ಲ. ಕುಡಿಯುವುದಾದರೆ ಕುದಿಸಿ ಕುಡಿಯಬೇಕು. ಮಿಕ್ಕದ್ದನ್ನು ಇಂಗುಗುಂಡಿಗೆ ಬಿಟ್ಟರೆ ಕೆಳಗಿನ ಗಡಸು ನೀರೂ ಕಾಲಕ್ರಮದಲ್ಲಿ ತಿಳುವಾದೀತು.

ಕಾವೇರಿ ಬಂದರೆ ಎಲ್ಲ ಸರಿಹೋಗುತ್ತದೆಂದು ಕಾಯುತ್ತಿರುವ ಬಡಾವಣೆಗಳು ಹಲವು. ಈ ನಗರ 1896ರಲ್ಲಿ ಹೆಸರಘಟ್ಟದ ನೀರನ್ನು ತಂದುಕೊಂಡಿತು, 1933ರಲ್ಲಿ ತಿಪ್ಪಗೊಂಡನಹಳ್ಳಿಯದನ್ನು, 1974ರಲ್ಲಿ ಕಾವೇರಿಯನ್ನು. 2024ರ ಅಕ್ಟೋಬರಿನಲ್ಲಿ ಕಾವೇರಿಯ ಐದನೆಯ ಹಂತ, ದಿನಕ್ಕೆ 775 ದಶಲಕ್ಷ ಲೀಟರು, ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದು ಉದ್ಘಾಟನೆಯಾಯಿತು. ಆ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರು ದೂರ, ಅರ್ಧ ಕಿಲೋಮೀಟರಿನಷ್ಟು ಎತ್ತರ ಏರಿ ಬರಬೇಕು. ಅಷ್ಟು ಶ್ರಮದಿಂದ ಬಂದ ಮೆದು ನೀರಿನಲ್ಲಿ ಕಾರು ತೊಳೆದು, ಬೇಳೆಗೆ ಬೋರ್ ನಲ್ಲಿಯ ನೀರಿಡುವ ಮನೆಗಳಿವೆ. ಎರಡು ನಲ್ಲಿಗಳಿರುವವರು ಮೊದಲು ಈ ವಿವೇಚನೆಯನ್ನು ಕಲಿಯಬೇಕು: ಮೆದು ನೀರು ಒಲೆಗೆ, ಸಾಬೂನಿಗೆ, ಗೀಸರಿಗೆ; ಗಡಸು ನೀರು ಅಂಗಳಕ್ಕೆ, ನೆಲಕ್ಕೆ, ಪಾಯಿಖಾನೆಗೆ.

ಕೊನೆಯದಾಗಿ ಒಂದು ಮಾತು. ಹಣವಿದ್ದವರು ಯಂತ್ರ ಕೊಂಡ ದಿನವೇ ಬೀದಿಯ ನೀರಿನ ಚಿಂತೆಯನ್ನು ಬಿಟ್ಟುಬಿಡುತ್ತಾರೆ. ಯಂತ್ರ ಕೊಳ್ಳಲಾರದ ಮನೆಯ ಅಹವಾಲಿಗೆ ಆಗ ದನಿ ಕೂಡಿಸುವವರಿಲ್ಲ. ಹೀಗಾಗಬಾರದು. ಬೀದಿಯ ಹತ್ತು ಮನೆಯವರು ಸೇರಿ ವರ್ಷಕ್ಕೊಮ್ಮೆ, ಬೇಸಗೆಯಲ್ಲಿ, ಕೊಳವೆ ಬಾವಿಯ ನೀರನ್ನು ಪ್ರಯೋಗಶಾಲೆಗೆ ಕಳುಹಿಸಿ, ಗಡಸು, ಫ್ಲೋರೈಡು, ನೈಟ್ರೇಟು, ರೋಗಾಣು ಈ ನಾಲ್ಕನ್ನೂ ಪರೀಕ್ಷೆ ಮಾಡಿಸಲಿ. ಹಂಚಿಕೊಂಡರೆ ಒಂದೊಂದು ಮನೆಗೆ ಬೀಳುವ ಖರ್ಚು ಹಗುರವಾಗುತ್ತದೆ. ಬಂದ ಉತ್ತರವನ್ನು ಎಲ್ಲರೂ ಓದುವಂತೆ ಬೀದಿಯ ಮೂಲೆಯ ಅಂಗಡಿಯಲ್ಲಿ ಅಂಟಿಸಲಿ. ಆ ಒಂದು ಹಾಳೆಯಿಂದ ಬೇಡದ ಭಯ ಹೋಗುತ್ತದೆ, ಬೇಕಾದ ಎಚ್ಚರ ಬರುತ್ತದೆ. ಅಂಕಿಗಳನ್ನು ಮುಂದಿಟ್ಟು ಅಧಿಕಾರಿಗಳನ್ನು ಕೇಳುವ ಧೈರ್ಯವೂ ಬರುತ್ತದೆ. ಹೊಸ ಸೊಸೆಗೂ ಕೆಲಸದಾಕೆಗೂ ಸುಮ್ಮನೆ ಕೇಳಬೇಕಾಗಿದ್ದ ನಾಲ್ಕು ಮಾತುಗಳು ತಪ್ಪುತ್ತವೆ.